ಮನೆಯಲ್ಲಿರುವವಳ ಪರವಾನಗಿ

ಹರಿಹರ,
೧೭ ಜುಲೈ ೨೦೨೫

ಚಿ. ಕೃತಿಕಾಗೆ ಅಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜುಗಳಿಗೆಲ್ಲ ಒಂದೊಂದು ಪದದ ಉತ್ತರ ಕೊಟ್ಟು ಸುಮ್ಮನಾದೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಲು ಹೊರಟರೆ ನನ್ನ ಧ್ವನಿ ಏರುತ್ತದೆ. ಧ್ವನಿ ಏರಿದರೆ ಹೇಳಬೇಕಾದದ್ದು ಅರ್ಧ ಬಿಟ್ಟುಹೋಗುತ್ತದೆ. ಕಾಗದವೇ ವಾಸಿ. ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ. ಹರಿಹರದಲ್ಲಿ ನನ್ನ ಕಾಲೇಜಿನ ಗೆಳತಿ ರಶೀದಾಳ ಮನೆಯ ಮಹಡಿಯಲ್ಲಿದ್ದೇನೆ. ಕಾರಣ ಮುಂದೆ ಬರುತ್ತದೆ. ಧಾರವಾಡದಲ್ಲಿ ಮಳೆ ಹೇಗಿದೆ? ಹಾಸ್ಟೆಲಿನ ಅನ್ನಕ್ಕೆ ಈಗಲೂ ಸೋಡಾ ಹಾಕುತ್ತಾರೆಯೇ?

ಕ್ರೊಯೇಷಿಯಾದ ವಿಷಯ ನಿನಗೆ ಗೊತ್ತೇ ಇದೆ. ಬೇರೆ ದೇಶದ ಕಂಪನಿಗೆ ಇದ್ದಲ್ಲಿಂದಲೇ ಕೆಲಸ ಮಾಡುವವರು ತಮ್ಮಲ್ಲಿಗೆ ಬಂದು ಇರಬಹುದೆಂದು ಆ ದೇಶ ಒಂದು ವಾಸದ ಪರವಾನಗಿ ಕೊಡುತ್ತದೆ. ಡಿಜಿಟಲ್ ನೋಮ್ಯಾಡ್ ಅನ್ನುತ್ತಾರೆ. ಅಲೆಮಾರಿ ಎಂದು ಕನ್ನಡದಲ್ಲಿ ಹೇಳಿದರೆ ನಿನ್ನ ಚಿಕ್ಕಪ್ಪ ಎದೆ ಹಿಡಿದುಕೊಂಡಾನು. ಎಂಟು ವರ್ಷಗಳಿಂದ ಡಚ್ ಪ್ರಕಾಶನವೊಂದಕ್ಕೆ ಪುಸ್ತಕಗಳ ಕೊನೆಯಲ್ಲಿ ಬರುವ ಪದಸೂಚಿ ಮಾಡಿಕೊಡುತ್ತಿದ್ದೇನೆ. ಅನುವಾದಗಳಲ್ಲಿ ಮಾತ್ರ ಕಂಡ ಆ ದೇಶದ ಕಡಲ ಊರುಗಳಲ್ಲಿ ಒಂದು ವರ್ಷ ಇದ್ದು, ಅಲ್ಲೇ ಕೆಲಸ ಮಾಡಿಕೊಂಡು ಬರಬೇಕೆಂಬುದು ನನ್ನ ಆಸೆ. ಒಪ್ಪಂದ, ಸಂಬಳದ ದಾಖಲೆ, ವಿಮೆ ಎಲ್ಲ ಸೇರಿಸಿದ್ದೆ. ಉಳಿದದ್ದು, ಅರ್ಜಿಯಲ್ಲಿ ಬರೆದದ್ದು ನಿಜವೇ ಎಂದು ಓಣಿಯಲ್ಲಿ ವಿಚಾರಿಸಿ ಪೊಲೀಸರು ಕೊಡುವ ಪ್ರಮಾಣಪತ್ರ. ಅದಿಲ್ಲದೆ ಪರವಾನಗಿಯ ಮಾತೇ ಇಲ್ಲ.

ವಿಚಾರಣೆಗೆ ಪೊಲೀಸಿನವರು ಬಂದ ದಿನ ನಾನು ಮಂಡಿಪೇಟೆಯ ನಮ್ಮ ಮನೆಯಲ್ಲಿರಲಿಲ್ಲ. ಕರೆಂಟು ಹೋಗಿತ್ತು, ಒಂದು ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಬಸ್ಸು ಹತ್ತಿ ಇಲ್ಲಿಗೆ, ರಶೀದಾಳ ಮನೆಗೆ ಬಂದು ಕೆಲಸ ಮುಗಿಸುತ್ತಿದ್ದೆ. ಸಂಜೆ ವಾಪಸು ಹೋದರೆ ಮನೆಯ ಕೆಳಗಿನ ಮೆಣಸಿನಕಾಯಿ ಅಂಗಡಿಯಲ್ಲಿ ಮಿರ್ಚಿ-ಮಂಡಕ್ಕಿಯ ಎಣ್ಣೆ ಕುಡಿದ ಕಾಗದಗಳು ಬಿದ್ದಿದ್ದವು. ನಿನ್ನ ಚಿಕ್ಕಪ್ಪ ಕೊಟ್ಟೂರೇಶ್ ಏನೋ ಗೆದ್ದವನಂತೆ ಗಾದಿಯ ಮೇಲೆ ಕೂತಿದ್ದ. ನನ್ನ ಅರ್ಜಿಯ ಪ್ರತಿಯ ಮೇಲೆ ಯಾರದೋ ಎಣ್ಣೆಯ ಹೆಬ್ಬೆರಳು ಮೂಡಿತ್ತು. ಮೊದಲು ಹೇಸಿಗೆ ಹುಟ್ಟಿಸಿದ್ದು ಆ ಗುರುತು.

"ಪೊಲೀಸ್ ಬಂದಿದ್ರು ಅತ್ತಿಗೆಮ್ಮ. ಎಲ್ಲಾ ಕ್ಲಿಯರ್. ನಾನೂ ಎದುರಿಗಿನ ಹಾಲಸ್ವಾಮಿಯೋರೂ ಸಹಿ ಹಾಕಿ ಕಳ್ಸೀವಿ," ಅಂದ.

"ಏನಂತ ಹೇಳ್ದೆ?"

"ಒಳ್ಳೇದೇ ಹೇಳೀನಿ. ಭಾಳ ಮರ್ಯಾದಸ್ತ ಹೆಣ್ಮಗಳು, ಅಣ್ಣ ತೀರಿಕೊಂಡಾಗಿಂದ ಹೊಸ್ತಿಲು ದಾಟಿಲ್ಲ, ಯಾವ ಕೆಲ್ಸ-ಗಿಲ್ಸಕ್ಕೂ ಹೋಗಿಲ್ಲ ಅಂತ. ಈಗ ಎಲ್ಲಿ ಅದಾರೆ ಅಂದ್ರು. ಉಕ್ಕಡಗಾತ್ರಿಗೆ ಅಜ್ಜಯ್ಯನ ದರ್ಶನಕ್ಕೆ ಹೋಗ್ಯಾರೆ ಅಂದೆ."

"ಅರ್ಜ್ಯಾಗೆ ಉದ್ಯೋಗ ಅಂತ ಬರೆದೀನಲ್ಲೋ."

"ಅದು ಫಾರಿನ್ನೋರಿಗೆ. ಇಲ್ಲಿ ಹಂಗೆ ಹೇಳಾಕೆ ಬರಲ್ಲ. ಅಣ್ಣ ಹೋದ ಮ್ಯಾಲೆ ಅತ್ತಿಗೆನ ದುಡಿಯಾಕೆ ಹಚ್ಯಾನೆ ಅಂತ ಮಂಡಿಪೇಟೆ ತುಂಬಾ ನನ್ನ ಮುಖಕ್ಕೆ ಉಗೀತಾರೆ."

ಅವನು ನನಗೆ ಕೇಡು ಬಗೆದ ಎಂದು ನಾನು ಹೇಳುತ್ತಿಲ್ಲ, ಕೃತಿಕಾ. ಅವನು ನನ್ನನ್ನು ಹೊಗಳಿದ. ಹೊಗಳಲು ಅವನಿಗೆ ಸಿಕ್ಕ ಅತಿ ದೊಡ್ಡ ಮಾತು, ಇವಳು ಏನೂ ಮಾಡುವುದಿಲ್ಲ ಎಂಬುದು. ಅವನ ಅಂಗಡಿಗೆ ತೆರಿಗೆಯ ನೋಟಿಸು ಬಂದಾಗಲೆಲ್ಲ ಇಂಗ್ಲಿಷಿನಲ್ಲಿ ಉತ್ತರ ಬರೆದುಕೊಡುವವಳು ನಾನು. ಬಹುಶಃ ಅದೂ ಏನೂ ಅಲ್ಲ.

ಕೆಲವು ದಿನಗಳಲ್ಲಿ ವರದಿ ಬಂತು. ಅರ್ಜಿದಾರರು ತಿಳಿಸಿರುವ ಉದ್ಯೋಗ ಸ್ಥಳೀಯ ವಿಚಾರಣೆಯಲ್ಲಿ ದೃಢಪಟ್ಟಿಲ್ಲವಂತೆ. ಪ್ರಮಾಣಪತ್ರ ನಿಂತಿತು.

ಹಾಲಸ್ವಾಮಿಯವರ ಅಂಗಡಿಗೆ ಹೋಗಿ, ಹೇಳಿಕೆ ತಿದ್ದಿಕೊಡಿ ಎಂದು ಕೇಳಿದೆ. ಅವರು ಎದ್ದು ನಿಂತು ಕೈ ಮುಗಿದರು.

"ತಾಯಿ, ನಿಮ್ಮಂಥ ಮನೆತನದ ಹೆಣ್ಮಗಳು ದುಡೀತಾರೆ ಅಂತ ಈ ಬಾಯಾಗೆ ಹೆಂಗೆ ಅನ್ಲಿ? ಪಾಪ ಸುತ್ಕಂತೈತೆ."

"ಇದ್ದದ್ದನ್ನ ಹೇಳಿದ್ರೆ ಪಾಪ ಯಾಕ್ರಿ?"

ಅವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಯೋಚಿಸಿದರು. "ಹಂಗಂದ್ರೆ ಹಿಂಗ್ ಮಾಡಾಣ. ಟೈಂಪಾಸಿಗೆ ಕಂಪ್ಯೂಟರ್ ನೋಡ್ತಿರ್ತಾರೆ ಅಂತ ಬರೆಸ್ತೀನಿ. ನಿಮಗೂ ಬ್ಯಾಸರಿಲ್ಲ, ನಮಗೂ ಬ್ಯಾಸರಿಲ್ಲ."

ಆ ಉದಾರತೆ ಹೇಸಿಗೆ ಹುಟ್ಟಿಸಿತು. ಕೋಪ ಬಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಹೇಸಿಗೆ ಹಾಗಲ್ಲ, ಸ್ನಾನ ಮಾಡಿದರೂ ಮೈಯಲ್ಲೇ ಇರುತ್ತದೆ.

ಕೊನೆಗೆ ಠಾಣೆಗೆ ಹೋದೆ. ಮನೆಗೆ ಬಂದಿದ್ದವನ ಹೆಸರು ನಿಂಗರಾಜ್. ನನ್ನ ಒಪ್ಪಂದದ ಪುಟಗಳನ್ನು ತೂಕ ನೋಡುವವನಂತೆ ಕೈಯಲ್ಲಿ ಎತ್ತಿ ಕೆಳಗಿಟ್ಟ.

"ಕಾಗದ ಖರೇನೇ ಇರಬಹುದು ಮೇಡಂ. ಆದ್ರೆ ಓಣ್ಯಾಗೆ ಒಬ್ರಾದ್ರೂ ಹೌದು ಅನ್ಬೇಕಲ್ರಿ. ಮನ್ಯಾಗೆ ಕುಂತೋರೆಲ್ಲ ಉದ್ಯೋಗಸ್ಥರು ಅಂದ್ರೆ ನಮ್ಮನೆಯಾಕಿಗೂ ಆ ದೇಶದಾಗೆ ಒಂದು ಸೀಟು ಹಿಡೀರಿ."

ಪಕ್ಕದ ಮೇಜಿನವನು ನಕ್ಕ. ಒಂದು ಇಡೀ ದೇಶ, ಮನೆಯಲ್ಲಿ ಕೂತು ದುಡಿಯುವವರು ಬರಲೆಂದು ಬಾಗಿಲು ತೆರೆದಿದೆ. ನಮ್ಮ ಓಣಿಯಲ್ಲಿ ಮಾತ್ರ ಅಂಥ ಪ್ರಾಣಿ ಇರುವುದನ್ನು ಒಪ್ಪುವವರಿಲ್ಲ.

ರಶೀದಾಳಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ, "ಹರಿಹರದಾಗಿರೋ ನನ್ನ ಸಾಕ್ಷಿ ಮಂಡಿಪೇಟೆಗೆ ನಡಿಯಲ್ಲ ಅಂದ್ರೆ ನೀನೇ ಹರಿಹರಕ್ಕೆ ಬಾರೇ. ಮ್ಯಾಲಿನ ಮನೆ ಖಾಲಿ ಐತೆ. ಬಾಡಿಗೆ ಪತ್ರ ಮಾಡ್ಸಾಣ," ಅಂದಳು.

ಹೊರಟಾಗ ನಿನ್ನ ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತ. "ಸಾಬರ ಮನ್ಯಾಗೆ ಬಾಡಿಗಿಗಾ? ಇದ್ಕಿಂತ ದುಡೀತಾರೆ ಅಂತ ಹೇಳಿದ್ರೇ ಚಲೋ ಇತ್ತು."

"ಹಂಗಾರೆ ಈಗ ಬಂದು ಹೇಳು. ಆಟೋ ಠಾಣೆ ಮುಂದೇ ಹೋಗ್ತೈತೆ," ಅಂದೆ.

ಪಕ್ಕಕ್ಕೆ ಸರಿದ. ನನ್ನ ಪುಸ್ತಕಗಳನ್ನು ಆಮೇಲೆ ಮೆಣಸಿನಕಾಯಿಯ ಖಾಲಿ ಚೀಲಗಳಲ್ಲಿ ತುಂಬಿ ಕಳಿಸಿದ್ದಾನೆ. ಯಾವ ಕಾದಂಬರಿ ತೆರೆದರೂ ಸೀನು ಬರುತ್ತದೆ.

ಇಲ್ಲಿ ನನಗೆ ಅಭ್ಯಾಸವಿಲ್ಲದ ಸಂಗತಿಯೊಂದು ನಡೆಯುತ್ತಿದೆ. ಎದುರುಮನೆಯ ಖತೀಜಾಬೀ ಮೊದಲ ದಿನ ನಾನು ಯಾರ ಪೈಕಿ ಎಂದು ಕೇಳಲಿಲ್ಲ, ಏನು ಕೆಲಸ ಎಂದು ಕೇಳಿದರು. ಹೇಳಿದೆ. ಎಷ್ಟು ಅರ್ಥವಾಯಿತೋ ಕಾಣೆ. ಮರುದಿನ ಮೆಟ್ಟಿಲ ಮೇಲೆ ಗಲಾಟೆ ಮಾಡುತ್ತಿದ್ದ ಮಕ್ಕಳನ್ನು ಗದರಿಸುವುದು ಕೇಳಿಸಿತು: "ಏ ನಡೀರಿ ಕೆಳಗೆ! ಮ್ಯಾಲೆ ಅಕ್ಕ ಡ್ಯೂಟಿ ಮ್ಯಾಲೆ ಅದಾರೆ."

ಹೊಸ ವಿಳಾಸದಿಂದ ಅರ್ಜಿಯನ್ನು ಮೊದಲಿನಿಂದ ಹಾಕಿದ್ದೇನೆ. ಈ ಸಲವೂ ಕೈತಪ್ಪಿದರೆ, ಅಲ್ಲಿಂದ ಕೆಲಸ ಮಾಡಲು ಪ್ರಕಾಶನದವರು ಕೊಟ್ಟಿರುವ ಅನುಮತಿಯ ಅವಧಿ ಮುಗಿಯುತ್ತದೆ. ಇನ್ನೊಮ್ಮೆ ಕೇಳುವ ಮುಖ ನನಗಿಲ್ಲ.

ನೀನು ಹೊಟ್ಟೆ ತುಂಬ ಊಟ ಮಾಡು. ಕಣ್ಣಿನ ಪರೀಕ್ಷೆ ಮುಂದೂಡಬೇಡ. ಓದಿದ್ದು ತಲೆಗೆ ಹತ್ತಲಿ, ಮನಸ್ಸಿಗೆ ಒಪ್ಪಿದ ಕೆಲಸ ಸಿಗಲಿ, ಅದನ್ನು ಕೆಲಸವೆಂದು ಕರೆಯುವ ಜನರೂ ಸಿಗಲಿ.

ಇಂತಿ ನಿನ್ನ ಅಮ್ಮ,
ಸರ್ವಮಂಗಳಾ

ವಿ.ಸೂ.: ಠಾಣೆಯಿಂದ ಹೊರಡುವಾಗ ನಿಂಗರಾಜ್ ನನ್ನ ಸಮಾಧಾನಕ್ಕೆಂದು ಇನ್ನೊಂದು ಮಾತು ಹೇಳಿದ. "ಬರೇ ನಿಮ್ಮ ಮೈದುನನ ಮಾತು ಕೇಳಿ ಬರೆದಿಲ್ಲ ಮೇಡಂ. ನನಗೂ ಡೌಟ್ ಬಂತು. ಮಗಳಿಗೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕ್ರಿ ಅಂದೆ. ಆಕಿನೂ ಅದನ್ನೇ ಅಂದ್ಲು, ಅಮ್ಮ ಏನೂ ಮಾಡಲ್ಲ, ಮನೇಲೇ ಇರ್ತಾರೆ ಅಂತ." ಚಿಕ್ಕಪ್ಪ ಹೇಳಿಕೊಟ್ಟಿದ್ದನೇ ಎಂದು ಕೇಳಿದೆ. ಇಲ್ಲವಂತೆ. ಪ್ರಶ್ನೆ ಮುಗಿಯುವ ಮೊದಲೇ ಹೇಳಿಬಿಟ್ಟೆಯಂತೆ, ಏನೋ ಅವಸರದಲ್ಲಿದ್ದವಳ ಹಾಗೆ. ಅವರೆಲ್ಲರ ಬಗ್ಗೆ ಹೇಸಿಕೊಂಡಷ್ಟು ಸಲೀಸಾಗಿ ನಿನ್ನ ಬಗ್ಗೆ ಹೇಸಿಕೊಳ್ಳಲು ನನಗೆ ಬರಲಿಲ್ಲ. ಸರಿಯಾಗಿ ಉತ್ತರ ಬರೆಯುವುದು ತಡವಾದದ್ದು ಅದಕ್ಕೇ. ಹೊಸ ಅರ್ಜಿಗೂ ಮನೆಯವರ ಫೋನ್ ನಂಬರ್ ಬೇಕಂತೆ. ನಿನ್ನದನ್ನೇ ಕೊಟ್ಟಿದ್ದೇನೆ. ಈ ವಾರದಲ್ಲಿ ಕರೆ ಬರಬಹುದು. ಏನು ಹೇಳಬೇಕೆಂದು ನಾನೂ ಹೇಳಿಕೊಡುವುದಿಲ್ಲ.