ಕಿವಿಯಿಲ್ಲದ ಗೋಧಿ

ಮಹಡಿ ಮನೆ,
ಭಾನುವಾರ ಬೆಳಗ್ಗೆ, ಜನವರಿ ೫

ಪ್ರೀತಿಯ ಎಣಿಕೆಯಮ್ಮನಿಗೆ,

ಮೊದಲು ತಪ್ಪೊಪ್ಪಿಗೆ. ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಎರಡು ಲೋಟ ಕಾಫಿ ಕುಡಿದ ಮೇಲೆ ಬರೆದುಕೊಡುವುದೇನೆಂದರೆ: ಹೋದ ತಿಂಗಳು ನಾಲ್ಕನೇ ತಾರೀಖು ನಮ್ಮ ಸಂಶೋಧನಾ ಕೇಂದ್ರದ ಉಗ್ರಾಣದಿಂದ ಸರ್ಕಾರಿ ಸ್ವತ್ತೊಂದನ್ನು ಕದ್ದಿದ್ದೇನೆ. ಮೀಟರ್ ಉದ್ದ, ಮೀಟರ್ ಅಗಲದ ಮರದ ಚೌಕಟ್ಟು. ಹೌದು, ನಿನ್ನದೇ. ಹೊಲಕ್ಕೆ ಬೆನ್ನು ಮಾಡಿ ಎಸೆದು, ಅದು ಬಿದ್ದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಳಗಿನ ಕಳೆಗಿಡಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆಯಲ್ಲ, ಅದೇ. ಮೂಲೆಗೆ ನೀನು ಸುತ್ತಿದ ಕೆಂಪು ದಾರವೂ ಹಾಗೇ ಇದೆ. ಉಗ್ರಾಣದವನು ಅದನ್ನು ಒಲೆಗೆ ಹಾಕುವವನಿದ್ದ. ಹಾಗಾಗಿ ಇದು ಕಳ್ಳತನವಲ್ಲ, ಪ್ರಾಣರಕ್ಷಣೆ.

ನಿನ್ನ ಮಂಡಿನೋವು ಹೇಗಿದೆ? ಆ ಊರಿನ ಚಳಿಯಲ್ಲಿ ಒದ್ದೆ ಮಣ್ಣಿನ ಮೇಲೆ ಕೂರುವಾಗ ಕೆಳಗೆ ಗೋಣಿಚೀಲ ಹಾಕಿಕೊಳ್ಳುತ್ತೀಯೋ, ಇಲ್ಲಿಯ ಹಾಗೆ ಹಟವೋ? ನಾನು ಗುಂಡುಕಲ್ಲಿನಂತಿದ್ದೇನೆ. ನಿನ್ನ ಕಾರ್ಡು ಬಂತು. ನಿನ್ನನ್ನು ಎರವಲು ಪಡೆದ ಅಲ್ಲಿಯ ಕೇಂದ್ರದವರು ಇನ್ನೂ ಎರಡು ವರ್ಷ ಇರು ಅನ್ನುತ್ತಿದ್ದಾರೆ, ಹದಿನೈದರೊಳಗೆ ಸಹಿ ಹಾಕಬೇಕು ಎಂದು ಬರೆದು, ಕೊನೆಗೆ ಸಣ್ಣಕ್ಷರದಲ್ಲಿ "ಅಲ್ಲಿ ನನ್ನ ಅವಶ್ಯಕತೆ ಇದೆಯೇನ್ರೀ?" ಎಂದು ಕೇಳಿದ್ದೀಯೆ. ಧಾರಾಳವಾಗಿ ಸಹಿ ಹಾಕು. ಇಲ್ಲಿ ಯಾವ ಕೆಲಸವೂ ನಿಂತಿಲ್ಲ. ನಿನ್ನ ಕೆಲಸವನ್ನೂ ನಾನೇ ಮಾಡಿ ಮುಗಿಸಿದ್ದೇನೆ. ನಗಬೇಡ, ಮುಂದೆ ಓದು.

ನನ್ನ ಕಂಪ್ಯೂಟರ್ ಮಾಡೆಲ್ ಎಂಥ ಹೊಟ್ಟೆಬಾಕ ಎಂದು ನಿನಗೆ ಗೊತ್ತು. ಚೌಕಕ್ಕೆ ಎಷ್ಟು ಕಳೆ, ಅದು ಗೋಧಿಯ ಪಾಲನ್ನು ಎಷ್ಟು ತಿನ್ನುತ್ತದೆ, ಕೀಳಲು ಎಷ್ಟು ಕೂಲಿ ಬೀಳುತ್ತದೆ, ಇಷ್ಟನ್ನು ಉಣಿಸಿದರೆ ಮಾತ್ರ ಕಳೆ ಕೀಳಿಸುವುದು ಲಾಭವೋ ಬಿಡುವುದು ಲಾಭವೋ ಎಂದು ಬಾಯಿ ಬಿಡುತ್ತದೆ. ನೀನು ಹೋದಮೇಲೆ ಅಂಕಿ ಕೊಡುವವರಿಲ್ಲದೆ ಅದು ಉಪವಾಸ ಬಿದ್ದಿತ್ತು. ಕದ್ದ ಚೌಕಟ್ಟು ಹೆಗಲಿಗೇರಿಸಿ ನಾನೇ ಹೊಲಕ್ಕಿಳಿದೆ. ಎಳೆಯ ಗಿಡಗಳಲ್ಲಿ ಪೈರು ಯಾವುದು, ಕಳೆ ಯಾವುದು ಎಂದು ನೀನು ಎರಡು ಸಲ ಹೇಳಿಕೊಟ್ಟಿದ್ದೆ. ನಾನು ಪರದೆ ನೋಡುತ್ತಲೇ ಹ್ಞೂಂಗುಟ್ಟಿದ್ದೆ. ಆದರೂ ವಿದ್ಯೆ ಹತ್ತಿತು ನೋಡು! ನಲವತ್ತು ಸಲ ಎಸೆದೆ, ನಲವತ್ತು ಸಲ ಎಣಿಸಿದೆ. ಕೂಲಿಯವರನ್ನು ಕರೆತರುವ ಮೇಸ್ತ್ರಿ ಅಕ್ಕ ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು, ಮೆಚ್ಚಿ ನಗುತ್ತಿದ್ದಳು. ಚೌಕಕ್ಕೆ ಎರಡೇ ಕಳೆ, ಪೈರು ಮಾತ್ರ ಕಿಕ್ಕಿರಿದು ನಿಂತಿದೆ. ಮಾಡೆಲ್ ಸಂತೋಷದಿಂದ ತೇಗಿತು: ಕೀಳಿಸುವುದು ದಂಡ, ಇಳುವರಿ ಇಷ್ಟು ವರ್ಷಗಳಲ್ಲೇ ಹೆಚ್ಚು. ಬುಧವಾರದ ಸಭೆಯಲ್ಲಿ ನಮ್ಮ ನಿರ್ದೇಶಕರು ಚಪ್ಪಾಳೆ ತಟ್ಟಿ, "ನಿಮ್ಮ ಮನೆಯವರ ಕೆಲಸ ಇಷ್ಟು ಸುಲಭ ಅಂತ ಗೊತ್ತೇ ಇರ್ಲಿಲ್ಲ. ಹಾಗಾದ್ರೆ ಆ ಹುದ್ದೆ ಯಾಕ್ರೀ ಇಟ್ಕೊಂಡಿದೀವಿ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚೌಕಟ್ಟನ್ನು ಈಗ ಊಟದ ಮೇಜಿನ ಎದುರು ಗೋಡೆಗೆ ತೂಗುಹಾಕಿದ್ದೇನೆ. ಕೆಳಗಿನ ಮನೆಯ ಟೈಲರಮ್ಮ ಬಾಡಿಗೆ ರಸೀದಿ ಕೊಡಲು ಬಂದವಳು "ಇಷ್ಟು ದೊಡ್ಡ ಫ್ರೇಮಿಗೆ ಯಾರ ಫೋಟೋ ಹಾಕ್ತೀರಿ?" ಅಂದಳು. ಗೋಡೆಯದೇ ಫೋಟೋ ಅಂದೆ. ನೀನು ಹೋದಮೇಲೆ ಮನೆಗೂ ಕಳೆಯಿಲ್ಲ, ಹೊಲದಲ್ಲೂ ಕಳೆಯಿಲ್ಲ. ಉಳಿದದ್ದು ಭಾನುವಾರ ಕಳೆಯುವ ಕೆಲಸವೊಂದೇ. ಹೋದ ಭಾನುವಾರ ಅದೂ ಸಾಗದೆ ಚೌಕಟ್ಟನ್ನು ಇಳಿಸಿ, ಬೆನ್ನು ತಿರುಗಿಸಿ, ನಡುಮನೆಯಲ್ಲೇ ಎಸೆದೆ. ವಿಧಿಬದ್ಧವಾಗಿ ಎಣಿಸಿದೆ. ಮೊದಲ ಚೌಕದಲ್ಲಿ ನಿನ್ನ ಹಳೆಯ ಚಪ್ಪಲಿ ಒಂದು. ಎರಡನೆಯದರಲ್ಲಿ ಹಸಿರು ಸ್ವೆಟರಿನ ಗುಂಡಿ. ಆಮೇಲೆ ಎಸೆದ ಹನ್ನೊಂದರಲ್ಲೂ ಸೊನ್ನೆ. ಟೈಲರಮ್ಮ ಕೆಳಗಿನಿಂದ ಸೂರು ಬಡಿದಳು, ನಿಲ್ಲಿಸಿದೆ. ಗುಂಡಿ ನನ್ನ ಜೇಬಿನಲ್ಲಿದೆ. ಬೇಕಾದರೆ ಕಳಿಸುತ್ತೇನೆ, ಬೇಡವೆಂದರೆ ಇನ್ನೂ ಒಳ್ಳೆಯದು.

ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ಜೊತೆ ಎಣಿಸುವ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು, ಅವರ ಮಂಡಿಗಳು ನೂರು ಕಾಲ ಬಾಳಲಿ.

ನಿನ್ನ,
ಮಣ್ಣು ಮುಟ್ಟದ ರೈತ

ಮರೆತದ್ದು: ಮರೆತದ್ದಲ್ಲ, ಹೇಳಬಾರದೆಂದೇ ಇದ್ದೆ. ಲಕೋಟೆ ಅಂಟಿಸಲು ಹೋದವನು ಮತ್ತೆ ಬಿಚ್ಚಿದ್ದೇನೆ. ಮೇಸ್ತ್ರಿ ಅಕ್ಕ ನಕ್ಕದ್ದು ಮೆಚ್ಚುಗೆಯಿಂದಲ್ಲ. ಶುಕ್ರವಾರ ನನ್ನ ಪೈರಿನಿಂದ ಒಂದು ಗಿಡ ಕಿತ್ತು, ಎಲೆಯ ಬುಡ ಬಿಡಿಸಿ ಮೂಗಿನ ಮುಂದೆ ಹಿಡಿದಳು: "ಎಲ್ಲಿ ಸಾರ್ ಇದರ ಕಿವಿ? ಅಮ್ಮಾವ್ರು ನಮಗೆಲ್ಲ ಹೇಳ್ಕೊಟ್ಟಿದ್ರಲ್ಲ!" ಆಗ ನೆನಪಾಯಿತು. ಎಲೆ ಕಾಂಡವನ್ನು ಅಪ್ಪುವಲ್ಲಿ ಗೋಧಿಗೆ ಎರಡು ಪುಟ್ಟ ಕಿವಿ ಇರುತ್ತವೆ, ಕಾಡು ಓಟ್ಸ್ ಹುಲ್ಲಿಗೆ ಇರುವುದಿಲ್ಲ. "ಕಿವಿ ಇಲ್ಲದ್ದು ಕಳೆ ಕಣ್ರೀ, ನಿಮ್ಮ ಹಾಗೆ" ಅಂದಿದ್ದೆ ನೀನು. ನಾನು ಅರ್ಧ ಹೊಲದ ಹುಲ್ಲನ್ನು ಗೋಧಿ ಎಂದು ಎಣಿಸಿದ್ದೇನೆ. ಮಾಡೆಲ್ ತೇಗಿದ್ದು ಅದನ್ನೇ ತಿಂದು. ನಾಳೆ ಬೆಳಗ್ಗೆ ನಿರ್ದೇಶಕರ ಕೋಣೆಗೆ ಹೋಗಿ, ನನ್ನ ಅಂಕಿ ಸುಳ್ಳು, ಆ ಹುದ್ದೆ ಬೇಕು ಎಂದು ಹೇಳುತ್ತೇನೆ. ಹದಿನೈದರೊಳಗೆ ತಲುಪಲೆಂದು ಇದಕ್ಕೆ ಎರಡರಷ್ಟು ಅಂಚೆಚೀಟಿ ಹಚ್ಚಿದ್ದೇನೆ. ಸಹಿ ಹಾಕಬೇಡ ಕಣೇ.