ಕಂಬ ಹಿಡಿದ ಕೈ

ಅಪ್ಪಾ,

ಇವತ್ತು ತಾರಸಿಯ ಮೇಲೆ ಹೊಸ ಆಂಟೆನಾ ಹಾಕಿಸಿದೆ. ನೀನು ತೀರಿಕೊಂಡ ಮೇಲೆ ಯಾರೂ ಮುಟ್ಟದಿದ್ದ ಹಳೆಯದನ್ನು ಇಳಿಸುವಾಗ ರಿಪೇರಿಯವನು ನಕ್ಕುಬಿಟ್ಟ. "ಏನ್ ಸಾರ್, ವೈರು ಸ್ಕ್ರೂಗೆ ತಾಗೇ ಇಲ್ವಲ್ಲ! ಯಾರಾದ್ರೂ ಕೈಯಲ್ಲಿ ಒತ್ತಿ ಹಿಡ್ಕೊಂಡ್ರೆ ಮಾತ್ರ ಚಿತ್ರ ಬರ್ತಿತ್ತು. ಎರಡೇ ನಿಮಿಷದ ಕೆಲಸ."

ಊರವರ ಹೊಲಿಗೆ ಮಷಿನ್‌ಗಳನ್ನೆಲ್ಲ ಸರಿಮಾಡುತ್ತಿದ್ದ ನಿನಗೆ ಅದು ಗೊತ್ತಿರಲಿಲ್ಲವೇ? ಆ ಎರಡು ನಿಮಿಷ ಕೊಡದವನು ನಾನು. ಪಂದ್ಯದ ಹೊತ್ತಿಗೆ ತಾರಸಿಯಲ್ಲಿ ಆಂಟೆನಾ ಕಂಬ ಹಿಡಿದು, ವೈರು ಒತ್ತಿಕೊಂಡು ನಿಂತಿರುತ್ತಿದ್ದ ನೀನು ಕೈ ತೆಗೆದರೆ ಸಾಕು, ಕೆಳಗೆ ಟಿವಿ ಮುಂದೆ ಕೂತ ನಾನು "ಹೋಯ್ತು, ಹೋಯ್ತು!" ಎಂದು ಸೂರು ಹಾರಿಹೋಗುವಂತೆ ಕಿರುಚುತ್ತಿದ್ದೆ. "ಆಯ್ತು ಮಾರಾಯ, ಬಿಡಲ್ಲ, ನೋಡ್ಕೋ" ಎಂದು ಮೇಲಿನಿಂದ ನಿನ್ನ ದನಿ ಬರುತ್ತಿತ್ತು. ಪಂದ್ಯ ಮುಗಿಯುವ ಹೊತ್ತಿಗೆ ಕತ್ತಲಾಗುತ್ತಿತ್ತು, ಸ್ಕ್ರೂ ಬಿಗಿಯುವ ಕೆಲಸ ಮುಂದಿನ ವಾರಕ್ಕೆ ಹೋಗುತ್ತಿತ್ತು. ನೀನು ಬೆವರೊರೆಸಿಕೊಳ್ಳುತ್ತ ಇಳಿದು ಬಂದು ಕೇಳುತ್ತಿದ್ದದ್ದು ಒಂದೇ: "ಯಾರ್ ಗೆದ್ರೋ?"

ನಿನಗೆ ಆಟದ ಹುಚ್ಚಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ.

ಈಗ ಚಿತ್ರ ಕನ್ನಡಿಯ ಹಾಗೆ ಬರುತ್ತಿದೆ. ಇವತ್ತು ಗೆದ್ದವರು ನಮ್ಮವರೇ. ಟಿವಿ ಆರಿಸಿ, ತಾರಸಿಯ ಮೆಟ್ಟಿಲ ಬುಡದಲ್ಲಿ ತುಂಬ ಹೊತ್ತು ನಿಂತಿದ್ದೆ. ಯಾರೂ ಇಳಿದು ಬಂದು ಕೇಳಲಿಲ್ಲ.