ಭಾಗ ಎರಡು, ಮುಂದಿನ ಶುಕ್ರವಾರ

ಕೆರೆದಂಡೆ ಬಿಡಾರ
ಫೆಬ್ರವರಿ ೩೦, ೨೧೯೧

ವಿದ್ಯಾಶ್ರೀ ಅಜ್ಜಿಯವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನೀರಿನ ಸರದಿ ಹಂಚಲು ಸುಲಭವಾಗಲೆಂದು ಹಿರಿಯರು ಹಾಗೆ ಮಾಡಿದರು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ಪೋಸ್ಟುಗಳಿಂದ, ಹಾಗಾಗಿ ನಡುವೆ ಎಲ್ಲಾದರೂ ‘ಸ್ನೇಹಿತರೇ’ ಎಂದುಬಿಟ್ಟರೆ ಮನ್ನಿಸಬೇಕು. ನೀವು ನನ್ನ ಅಜ್ಜಿಯ ಮುತ್ತಜ್ಜಿ. ಪೋಸ್ಟಿನಲ್ಲಿರುವ ಚಿತ್ರದಲ್ಲಿ ನಿಮಗೆ ಇಪ್ಪತ್ತಾರು ವರ್ಷ, ನನಗೀಗ ನಲವತ್ತೊಂದು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬೈಯುವುದಕ್ಕಾದರೂ ಒಂದು ಸಂಬಂಧ ಬೇಕಲ್ಲ.

ಹಳೆಯ ಫೋನುಗಳಲ್ಲಿದ್ದದ್ದನ್ನೆಲ್ಲ ಕೂಡಿಟ್ಟ ಕೋಣೆಗೆ ನಾವು ಮಾತುಗೂಡು ಎನ್ನುತ್ತೇವೆ. ಅದರ ಕಾವಲು ನನ್ನದು. ಸರದಿಯ ದಿನ ಕೆರೆಯಿಂದ ಎರಡು ಕೊಡ ಕೆಂಪು ನೀರು ತಂದು, ಸೀರೆಯನ್ನು ನಾಲ್ಕು ಪದರ ಮಾಡಿ ಸೋಸಿ, ಅರ್ಧ ದಿನ ಹಾಗೇ ಇಡುತ್ತೇವೆ. ಕುದಿಸಲು ಸೌದೆ ವಾರಕ್ಕೊಮ್ಮೆ ಸಿಗುತ್ತದೆ. ಉಳಿದ ದಿನ ಮೇಲಿನ ತಿಳಿಯನ್ನೇ ಕುಡಿಯುತ್ತೇವೆ. ಆ ತಿಳಿಯನ್ನು ಕುಡಿದೇ ನನ್ನ ದೊಡ್ಡ ಮಗಳು ತುಂಗಾ ಆರನೆಯ ವಯಸ್ಸಿನಲ್ಲಿ ಭೇದಿಯಾಗಿ ನಾಲ್ಕು ದಿನದಲ್ಲಿ ತೀರಿಕೊಂಡಳು. ಚಿಕ್ಕವಳು ಬಸಮ್ಮನಿಗೆ ಈಗ ನಾಲ್ಕು ವರ್ಷ, ಅವಳೂ ಅದೇ ನೀರು ಕುಡಿಯುತ್ತಾಳೆ.

ನಿಮ್ಮ ಮಾವನ ತಂದೆ ಫಕೀರಪ್ಪಜ್ಜ ಇದೇ ಕೆರೆಯ ಮಣ್ಣಿನಿಂದ ನೀರು ಸೋಸುವ ಮಡಿಕೆ ಮಾಡುತ್ತಿದ್ದರೆಂದು ನನಗೆ ಗೊತ್ತಾದದ್ದು ತುಂಗಾ ಹೋದ ಮೇಲೆ. ನಿಮ್ಮ ‘ತಂಪು ಸೋಸುಮಡಿಕೆ’ ಅಂಗಡಿಯ ಎರಡು ಸಾವಿರದ ನಾನೂರು ಪೋಸ್ಟುಗಳು ಒಂದೂ ಕೆಡದೆ ಉಳಿದಿವೆ. ಹಗಲೆಲ್ಲ ಕೂತು ಎಲ್ಲವನ್ನೂ ನೋಡಿದೆ. ಸೋಮವಾರ ಆರೋಗ್ಯದ ಸಲಹೆ, ಬುಧವಾರ ಮಡಿಕೆ ಹಿಡಿದು ನಗುವ ಗಿರಾಕಿ, ಹಬ್ಬ ಬಂದರೆ ಶುಭಾಶಯ. ಅಪ್ಪಂದಿರ ದಿನಕ್ಕೂ ಶುಭಾಶಯ, ಚಹಾದ ದಿನಕ್ಕೂ ಶುಭಾಶಯ. ಮಡಿಕೆಯ ನೀರು ಕುಡಿಯಲು ಐದು ಕಾರಣಗಳು ನನಗೆ ಬಾಯಿಪಾಠವಾಗಿವೆ. ಕಾರಣ ಕಟ್ಟಿಕೊಂಡು ನಾನೇನು ಮಾಡಲಿ ಅಜ್ಜಿ, ನನಗೆ ಮಡಿಕೆ ಬೇಕು.

ಮಡಿಕೆ ಮಾಡುವುದರ ಬಗ್ಗೆ ಇರುವುದು ಒಂದೇ ವಿಡಿಯೊ. ಅಜ್ಜ ಕಟ್ಟೆಯ ಮೇಲೆ ಕೂತು ಮಣ್ಣು ಕಲಸುತ್ತಾ ಹೇಳುತ್ತಾರೆ: “ಈ ಕೆರಿ ಮಣ್ಣ ಭಾಳ ಸೊಕ್ಕಿಂದವಾ. ಹಂಗ ಸುಟ್ರ ಬಿರೀತೈತಿ. ಅದಕ್ಕ ಮೊದಲ ಏನ ಹಾಕಬೇಕಂದ್ರ...” ಅಲ್ಲಿಗೆ ಹಾಡು ಶುರುವಾಗುತ್ತದೆ. ತೆರೆಯ ಮೇಲೆ ನಿಮ್ಮ ಅಕ್ಷರ ಮೂಡುತ್ತದೆ: ಗುಟ್ಟು ತಿಳಿಯಬೇಕೆ? ಭಾಗ ಎರಡು, ಮುಂದಿನ ಶುಕ್ರವಾರ.

ಮುಂದಿನ ಶುಕ್ರವಾರ ಹುಡುಕಿದೆ, ಅದರ ಮುಂದಿನದನ್ನೂ ಹುಡುಕಿದೆ. ಕೊನೆಗೆ ಯಾವ ದಿನ ಏನು ಹಾಕಬೇಕೆಂದು ನೀವು ತಿಂಗಳು ತಿಂಗಳು ಬರೆದಿಟ್ಟ ಪಟ್ಟಿ ಸಿಕ್ಕಿತು. ಬಹಳ ಅಚ್ಚುಕಟ್ಟಾದ ಪಟ್ಟಿ, ಹಬ್ಬಕ್ಕೆ ಹಸಿರು, ರಿಯಾಯಿತಿಗೆ ಹಳದಿ. ‘ಅಜ್ಜ, ಮಣ್ಣಿನ ಹದ, ಭಾಗ ೨’ ಎಂಬ ಸಾಲನ್ನು ನೀವು ಹನ್ನೊಂದು ಸಲ ಮುಂದಕ್ಕೆ ಹಾಕಿದ್ದೀರಿ. ಒಮ್ಮೆ ಯುಗಾದಿ ಬಂತು, ಒಮ್ಮೆ ಕ್ರಿಕೆಟ್ ಫೈನಲ್, ಒಮ್ಮೆ ಮೈಕ್ ಕೆಟ್ಟಿತ್ತು. ಪಕ್ಕದಲ್ಲಿ ನಿಮ್ಮದೇ ಟಿಪ್ಪಣಿ: ‘ಅಜ್ಜ ಎಲ್ಲಿ ಹೋಗ್ತಾರ, ಮನ್ಯಾಗ ಇರ್ತಾರ.’ ಹನ್ನೆರಡನೆಯ ಶುಕ್ರವಾರ ಹಾರ ಹಾಕಿದ ಫಕೀರಪ್ಪಜ್ಜನ ಫೋಟೊ ಇದೆ. ನಿಮ್ಮ ಎಲ್ಲ ಪೋಸ್ಟುಗಳಲ್ಲಿ ಹೆಚ್ಚು ಹೃದಯ ಬಿದ್ದಿರುವುದು ಅದಕ್ಕೇ. ಪಟ್ಟಿಯಲ್ಲಿ ‘ಭಾಗ ೨’ರ ಮೇಲೆ ಗೆರೆ ಎಳೆದಿದ್ದೀರಿ.

ಮಾತುಗೂಡಿನಲ್ಲಿ ಬೇರೆ ಊರುಗಳ ಕುಂಬಾರರ ವಿಧಾನಗಳಿವೆ. ಹೊಟ್ಟು ಹಾಕಿದೆವು, ಮರಳು ಹಾಕಿದೆವು, ಬೂದಿ ಹಾಕಿದೆವು. ಇಡೀ ಬಿಡಾರದ ಸೌದೆ ಒಟ್ಟುಗೂಡಿಸಿ ಏಳು ಸಲ ಕುಂಬಾರರ ಆವಿಗೆ ಹೂಡಿ ಮಡಿಕೆ ಸುಟ್ಟೆವು. ಏಳು ಸಲವೂ ಮಡಿಕೆಗಳು ಬಿರಿದವು. ಇನ್ನು ಸುಡಲು ಸೌದೆ ಕೊಡುವುದಿಲ್ಲವೆಂದು ಹೋದ ವಾರ ಬಿಡಾರದವರು ನನಗೆ ಹೇಳಿದರು. ಅವರನ್ನು ದೂರಲಾರೆ.

ನಿಮ್ಮ ಮೇಲೆ ನನಗೆ ಕೋಪವಿದೆ. ಆದರೆ ಆ ಪಟ್ಟಿಯನ್ನು ನೋಡಿದರೆ ನೀವು ಮೈಗಳ್ಳರಲ್ಲವೆಂದು ತಿಳಿಯುತ್ತದೆ. ಅಜ್ಜನ ಮಡಿಕೆ ನಾಲ್ಕು ಜನಕ್ಕೆ ತಲುಪಲೆಂದೇ ಒಂದು ದಿನವೂ ತಪ್ಪದೆ ದುಡಿದಿದ್ದೀರಿ.

ಈ ಕಾಗದ ನಿಮಗೆ ತಲುಪುವುದಿಲ್ಲವೆಂದು ನನಗೆ ಗೊತ್ತು. ತಲುಪುವುದಾದರೆ ಇಷ್ಟು ಮಾಡಿ. ಪೋಸ್ಟ್ ಬೇಡ, ಹಾಡು ಬೇಡ. ಹೊರಗೆ ಕಟ್ಟೆಯ ಮೇಲೆ ಅಜ್ಜ ಕೂತಿರುತ್ತಾರೆ. ಹೋಗಿ ಪಕ್ಕದಲ್ಲಿ ಕೂತು ಕೇಳಿ, ಹೇಳಿದ್ದನ್ನು ಎಲ್ಲಾದರೂ ಬರೆದಿಡಿ. ಗೋಡೆಯ ಮೇಲೆ ಬರೆದರೂ ಸಾಕು.

ಬಸಮ್ಮ ಆ ವಿಡಿಯೊ ನೋಡಿ ನೋಡಿ ಅಜ್ಜನ ಮಾತನ್ನು ಅವರ ಧಾಟಿಯಲ್ಲೇ ಕಲಿತಿದ್ದಾಳೆ. ಅಂಗಳದಲ್ಲಿ ಮಣ್ಣು ಕಲಸುತ್ತಾ “ಮೊದಲ ಏನ ಹಾಕಬೇಕಂದ್ರ” ಎನ್ನುತ್ತಾಳೆ. ಅಲ್ಲಿಗೆ ನಿಲ್ಲಿಸಿ, ಮುಂದಿನದನ್ನು ಅವ್ವ ಹೇಳುತ್ತಾಳೆಂದು ನನ್ನ ಮುಖ ನೋಡುತ್ತಾಳೆ.

ನಿಮ್ಮ ಮನೆಯವಳೇ ಆದ,
ಚಂಪವ್ವ